ನೀಲಿ ಹೊದಿಕೆಯ ಮೇಲಿನ ಮಚ್ಚೆ

ಪುಟ್ಟಿಗೆ ಇಪ್ಪತ್ತಮೂರು ತುಂಬಿತ್ತು. ಆದರೂ ಮನೆಯಲ್ಲೂ ಕೆಲಸದಲ್ಲೂ ಅವಳು ಪುಟ್ಟಿಯೇ. ಹಾಗೆ ಕರೆಯಲು ಎಲ್ಲರಿಗೂ ಕಲಿಸಿದವರು ಅವಳ ಸೋದರಮಾವ. ಬಣ್ಣದ ಕಾರ್ಖಾನೆಗೆ ಅವಳನ್ನು ಕರೆತಂದು ಯಜಮಾನತಿಯ ಮುಂದೆ ನಿಲ್ಲಿಸಿದವರೂ ಅವರೇ. “ಇವಳು ನನ್ನ ತಂಗಿ ಮಗಳು, ಪುಟ್ಟಿ. ಬಟ್ಟೆ ಮಡಚೋ ಕೆಲಸಕ್ಕೆ ಇಟ್ಕೊಳ್ಳಿ. ಮಾತು ಜಾಸ್ತಿ, ಆದ್ರೆ ಕೈ ಮಾತಿಗಿಂತ ಜೋರು” ಅಂದಿದ್ದರು. ಯಜಮಾನತಿ ತಲೆಯ ಮೇಲೆ ಏರಿಸಿಕೊಂಡಿದ್ದ ಕನ್ನಡಕವನ್ನು ಕಣ್ಣಿಗೆ ಇಳಿಸಿ, ಹುಡುಗಿಯನ್ನು ಒಮ್ಮೆ ನೋಡಿ, ಮತ್ತೆ ಏರಿಸಿಕೊಂಡರು. ಅಷ್ಟಕ್ಕೇ ಕೆಲಸ ಸಿಕ್ಕಿತು. ಮಾವನ ಮಾತಿಗೆ ಅಲ್ಲಿ ಅಷ್ಟು ಬೆಲೆಯಿತ್ತು.

ಕಾರ್ಖಾನೆ ಅಂದರೆ ದೊಡ್ಡದೇನಲ್ಲ. ಮುಂದೆ ತೊಟ್ಟಿಗಳ ಕೋಣೆ, ಅದರ ನೆಲ ಯಾವಾಗಲೂ ಒದ್ದೆ. ಹಿಂದೆ ತಗಡಿನ ಚಾವಣಿಯ ಕೆಳಗೆ ಬಟ್ಟೆ ಒಣಹಾಕುವ ಹಗ್ಗಗಳು. ಪಕ್ಕದಲ್ಲಿ ಉದ್ದನೆಯ ಮೇಜಿದ್ದ ಮಡಚುವ ಕೋಣೆ. ಒಟ್ಟು ಒಂಬತ್ತು ಜನ. ಬಿಳಿ ಬಟ್ಟೆಯನ್ನು ಬ್ಲೀಚ್ ಮಾಡುವುದು, ಆಮೇಲೆ ಬಣ್ಣದ ತೊಟ್ಟಿಗೆ ಇಳಿಸುವುದು, ಎರಡೂ ಮಾವನ ಕೆಲಸ. ಮೂವತ್ತೊಂದು ವರ್ಷದಿಂದ ಅವರದೇ. ಬಣ್ಣ ಹಾಕುವುದರಲ್ಲಿ ಎತ್ತಿದ ಕೈ. ಅವತ್ತು ಯಾವ ಬಣ್ಣದ ಆರ್ಡರು ಅಂತ ತಿಳಿಯಬೇಕಾದರೆ ಯಾರೂ ಚೀಟಿ ನೋಡುತ್ತಿರಲಿಲ್ಲ, ಅವರ ಉಗುರು ನೋಡುತ್ತಿದ್ದರು. ಅಲ್ಲಿಯ ಅರ್ಧ ಜನಕ್ಕೆ ಅವರ ನಿಜವಾದ ಹೆಸರೇ ಮರೆತುಹೋಗಿತ್ತು. ಪುಟ್ಟಿಗೆ ಮಾವ, ಹಾಗಾಗಿ ಎಲ್ಲರಿಗೂ ಮಾವ.

ಅರವತ್ತು ದಾಟಿದ ಮೇಲೆ ಬೆಳಗಿನ ಹೊತ್ತು ಅವರ ಬಲಗೈ ತುಸು ನಡುಗುತ್ತಿತ್ತು. ಎರಡು ಲೋಟ ಚಹಾ ಕುಡಿದರೆ ನಿಲ್ಲುತ್ತಿತ್ತು. “ನನ್ನ ಕೈಗೆ ನನಗಿಂತ ತಡವಾಗಿ ಎಚ್ಚರ ಆಗುತ್ತೆ” ಎಂದು ಅವರೇ ತಮಾಷೆ ಮಾಡಿಕೊಳ್ಳುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಆ ನಗು ಒಂದು ದಿನ ಅವರ ಮೇಲೇ ತಿರುಗೀತು ಎಂದು ಯಾರೂ ಎಣಿಸಿರಲಿಲ್ಲ.

ಇನ್ನು ಪುಟ್ಟಿಯ ಮುಖದ ವಿಷಯ. ಹದಿಹರೆಯದಲ್ಲಿ ಬಾರದಿದ್ದ ಮೊಡವೆ ಅವಳಿಗೆ ಇಪ್ಪತ್ತೆರಡರಲ್ಲಿ ಬಂತು. ಬಂದದ್ದು ಒಂದೆರಡಲ್ಲ, ಗದ್ದ ಪೂರ್ತಿ, ದವಡೆಯ ಎರಡೂ ಕಡೆ, ಮುಟ್ಟಿದರೆ ನೋಯುವಂಥವು. ಮೊಡವೆ ಬಂದವರಿಗೆ ಒಂದು ಕಷ್ಟ ಮೊಡವೆಯದಾದರೆ ಇನ್ನೊಂದು ಕಷ್ಟ ಬುದ್ಧಿ ಹೇಳುವವರದು. ನೀರು ಜಾಸ್ತಿ ಕುಡಿ ಅಂದವರು, ಎಣ್ಣೆ ಬಿಡು ಅಂದವರು, ಸೋಪು ಬದಲಿಸು ಅಂದವರು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಗುರುತಿಲ್ಲದ ಹೆಂಗಸು ಕೂಡ ಇಳಿಯುವ ಮೊದಲು ಒಂದು ಉಪಾಯ ಹೇಳಿ ಇಳಿದಳು. ಪುಟ್ಟಿ ಎಲ್ಲರಿಗೂ ತಲೆಯಾಡಿಸಿ, ಕೊನೆಗೆ ಯಾರಿಗೂ ಹೇಳದೆ ಚರ್ಮದ ಡಾಕ್ಟರ ಬಳಿ ಹೋದಳು.

ಡಾಕ್ಟರಮ್ಮ ವಯಸ್ಸಾದವರು, ಮಾತಿನಲ್ಲಿ ನಿಧಾನ. ದೀಪ ಹಿಡಿದು ನೋಡಿ ಒಂದು ಜೆಲ್ ಬರೆದುಕೊಟ್ಟರು. “ನೋಡಮ್ಮಾ, ಇದರಲ್ಲಿ ಎರಡು ಔಷಧಿ ಇದೆ. ಒಂದು ಆಂಟಿಬಯೋಟಿಕ್. ಅದೊಂದನ್ನೇ ಹಚ್ತಾ ಹೋದ್ರೆ ಕ್ರಿಮಿಗಳಿಗೆ ಅಭ್ಯಾಸ ಆಗ್ಬಿಡುತ್ತೆ, ಆಮೇಲೆ ನಾಟಲ್ಲ. ಅದಕ್ಕೇ ಇನ್ನೊಂದು ಸೇರಿಸಿರ್ತಾರೆ. ದಿನಕ್ಕೆ ಒಂದೇ ಸಲ, ರಾತ್ರಿ ಮುಖ ತೊಳೆದು, ಒರೆಸಿ, ಒಣಗಿದ ಮೇಲೆ ಹಚ್ಚು. ಬಟಾಣಿ ಕಾಳಷ್ಟು ಸಾಕು. ಮೊಡವೆ ಮೇಲೆ ಮಾತ್ರ ಚುಕ್ಕೆ ಇಡಬೇಡ, ಮೊಡವೆ ಬರೋ ಜಾಗಕ್ಕೆಲ್ಲ ತೆಳ್ಳಗೆ ಸವರು. ಕಣ್ಣು, ತುಟಿ, ಮೂಗಿನ ಒಳಗೆ ತಾಗಿಸಬೇಡ. ಆಮೇಲೆ ಕೈ ತೊಳ್ಕೋ. ಹೊಟ್ಟೆ ಕೆಟ್ಟು ಭೇದಿ ಜೋರಾದ್ರೆ ನಿಲ್ಲಿಸಿಬಿಟ್ಟು ನನಗೆ ತಿಳಿಸು. ಗುಣ ಕಾಣೋಕೆ ಎಂಟು ವಾರ ಬೇಕು, ಹನ್ನೆರಡೂ ಆಗಬಹುದು. ಒಂದು ತಿಂಗಳು ಬಿಟ್ಟು ಬಂದು ತೋರಿಸು.”

ಔಷಧಿ ಅಂಗಡಿಯವನು ಟ್ಯೂಬು ಕೊಡುವಾಗ ಇನ್ನೂ ಒಂದು ಮಾತು ಸೇರಿಸಿದ. “ದಿಂಬಿಗೆ ಬಿಳಿ ಬಟ್ಟೆ ಹಾಕ್ಕೊಳ್ಳಿ. ಬಣ್ಣದ ಬಟ್ಟೆಗೆ ತಾಗಿದ್ರೆ ಬಣ್ಣ ಹೋಗುತ್ತೆ.” ಪುಟ್ಟಿ ಹೂಂ ಅಂದಳು. ಮನೆಗೆ ಹೋಗಿ ದಿಂಬಿಗೆ ಹಳೇ ಬಿಳಿ ಟವೆಲು ಸುತ್ತಿದಳು. ಅಲ್ಲಿಗೆ ಬಣ್ಣದ ಮಾತು ಮುಗಿಯಿತು ಅಂದುಕೊಂಡಳು. ದಿನವಿಡೀ ಬಣ್ಣದ ಬಟ್ಟೆಯ ನಡುವೆ ಬದುಕುವವಳಿಗೆ ಆ ಮಾತು ದಿಂಬಿಗೆ ಮಾತ್ರ ಅನ್ವಯಿಸುತ್ತದೆ ಎಂದು ಹೇಗೆ ಅನ್ನಿಸಿತೋ, ಅವಳನ್ನೇ ಕೇಳಬೇಕು. ಅವಳೂ ತನ್ನನ್ನು ತಾನು ಎಷ್ಟೋ ಸಲ ಕೇಳಿಕೊಂಡಿದ್ದಾಳೆ.

ಹತ್ತು ದಿನ ಹೇಳಿದ ಹಾಗೇ ಹಚ್ಚಿದಳು. ಕನ್ನಡಿಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಲಿಲ್ಲ. ಎಂಟು ವಾರ ಅಂದಿದ್ದು ನೆನಪಿತ್ತು, ಆದರೆ ಮುಖ ಅವಳದು, ದಿನಾ ಹೊತ್ತು ತಿರುಗಬೇಕಾದವಳು ಅವಳು. ಹನ್ನೊಂದನೆಯ ದಿನ ಬೆಳಿಗ್ಗೆಯೂ ಹಚ್ಚಿದಳು. ಬಟಾಣಿಯ ಲೆಕ್ಕ ಬಿಟ್ಟು, ಗದ್ದದ ಮೇಲೆ ದಪ್ಪಗೆ ಮೆತ್ತಿಕೊಂಡಳು. ಬಸ್ಸಿನ ಹೊತ್ತಾದ್ದರಿಂದ ಒಣಗಲು ಬಿಡದೆ ಹೊರಟಳು. ಮರುದಿನವೂ ಹಾಗೇ. ಅದೇ ರೂಢಿಯಾಯಿತು.

ಅದೇ ಸಮಯಕ್ಕೆ ಎರಡು ಸಂಗತಿ ಕೂಡಿಬಂದವು. ದೊಡ್ಡ ವಸತಿಗೃಹವೊಂದಕ್ಕೆ ಕಡುನೀಲಿ ಹಾಸಿಗೆ ಹೊದಿಕೆಗಳ ಆರ್ಡರು ಬಂತು. ಪುಟ್ಟಿಯ ಜೊತೆ ಮಡಚುತ್ತಿದ್ದ ಅಕ್ಕ ಹೆರಿಗೆಗೆಂದು ರಜೆಯ ಮೇಲೆ ಹೋದಳು. ಅಷ್ಟು ದೊಡ್ಡ ಹೊದಿಕೆಯನ್ನು ಮಡಚಲು ಇಬ್ಬರು ಬೇಕು, ಆ ತುದಿಗೊಬ್ಬರು, ಈ ತುದಿಗೊಬ್ಬರು. ಒಬ್ಬಳೇ ಮಡಚಬೇಕಾದರೆ ಮಡಚುವವರಿಗೆಲ್ಲ ಗೊತ್ತಿರುವ ಒಂದು ದಾರಿಯಿದೆ. ಅಂಚಿನ ನಡುಭಾಗವನ್ನು ಗದ್ದದ ಕೆಳಗೆ ಎದೆಗೆ ಒತ್ತಿ ಹಿಡಿಯಬೇಕು, ಎರಡೂ ಕೈ ಚಾಚಿ ತುದಿಗಳನ್ನು ಹಿಡಿದು ಒಂದಕ್ಕೊಂದು ಕೂಡಿಸಬೇಕು, ಆಮೇಲೆ ಗದ್ದ ಎತ್ತಿ ಬಟ್ಟೆಯನ್ನು ಜಾರಲು ಬಿಡಬೇಕು. ನೋಡುವವರಿಗೆ ಪಾರಿವಾಳ ಕತ್ತು ಕೊಂಕಿಸಿದ ಹಾಗೆ ಕಾಣುತ್ತದೆ. ಪುಟ್ಟಿಗೆ ಅದು ನಿಮಿಷಕ್ಕೊಂದರಂತೆ ಬರುತ್ತಿತ್ತು. ಒಬ್ಬಳೇ ಇಬ್ಬರ ಕೆಲಸ ಮಾಡುತ್ತಿದ್ದಾಳೆ ಎಂದು ಯಜಮಾನತಿ ಎಲ್ಲರ ಮುಂದೆ ಹೊಗಳಿದರು. ಮಾವ ತೊಟ್ಟಿಯ ಕೋಣೆಯಿಂದಲೇ “ಯಾರ ಸೊಸೆ ಅಂದ್ಕೊಂಡ್ರಿ” ಅಂದರು.

ಮೂರನೆಯ ವಾರ ವಸತಿಗೃಹದ ವ್ಯಾನು ಬಂದು ಬಾಗಿಲಲ್ಲಿ ನಿಂತಿತು. ಹತ್ತೊಂಬತ್ತು ಹೊದಿಕೆ ವಾಪಸು.

ಯಜಮಾನತಿ ಅವನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿಸಿದರು. ಪ್ರತಿಯೊಂದರ ಮೇಲೂ ಒಂದು ಮಚ್ಚೆ. ಅಂಗೈಗಿಂತ ಸಣ್ಣದು, ಕಡುನೀಲಿಯ ನಡುವೆ ಕಿತ್ತಳೆಗೆ ತಿರುಗಿದ ತಿಳಿ ಬಣ್ಣ. ಕೆಲಸ ನಿಂತಿತು. ಇದ್ದವರೆಲ್ಲ ಮೇಜಿನ ಸುತ್ತ ನಿಂತರು.

“ಇದು ಬ್ಲೀಚ್ ತಾನೇ?” ಯಜಮಾನತಿ ಕೇಳಿದರು.

“ಬ್ಲೀಚ್ ಥರಾನೇ ಇದೆ” ಎಂದರು ಮಾವ. ಬಗ್ಗಿ ನೋಡಿದರು, ಬೆರಳಿನಿಂದ ಸವರಿದರು, ಬಟ್ಟೆ ತಿರುಗಿಸಿ ಹಿಂಭಾಗ ನೋಡಿದರು. “ಆದ್ರೆ ಅಮ್ಮಾ, ಇದು ಸಿಡಿದಿದ್ದಲ್ಲ. ಸಿಡಿದ್ರೆ ಹನಿಹನಿಯಾಗಿ ಚೆಲ್ಲಾಪಿಲ್ಲಿ ಬೀಳುತ್ತೆ. ಇದು ಏನೋ ಒರೆಸಿದ್ದು. ನೋಡಿ, ಎಲ್ಲದರಲ್ಲೂ ಅಂಚಿನ ಹತ್ರಾನೇ ಇದೆ.”

“ಬ್ಲೀಚ್ ತೊಟ್ಟಿಗೆ ಕೈ ಹಾಕೋರು ನೀವೊಬ್ಬರೇ.”

“ಹೌದು.”

“ಮತ್ತೆ ಬೇರೆ ಯಾರು ಬಂದು ಒರೆಸ್ತಾರೆ ಇಲ್ಲಿ?”

ಆಗ ಒಣಹಾಕುವವನು, ಕೆಟ್ಟವನೇನಲ್ಲ, ಬಾಯಿ ತೆರೆದ. “ಬೆಳಿಗ್ಗೆ ಹೊತ್ತು ಮಾವನ ಕೈ ಸ್ವಲ್ಪ…” ಎಂದು ಅಲ್ಲಿಗೇ ನಿಲ್ಲಿಸಿದ. ಪೂರ್ತಿ ಹೇಳಿದ್ದರೂ ಅಷ್ಟು ಕೆಡುಕಾಗುತ್ತಿರಲಿಲ್ಲ. ಎಲ್ಲರ ಕಣ್ಣೂ ಮಾವನ ಬಲಗೈ ಮೇಲೆ ಹೋಯಿತು. ಮಾವನ ಕಣ್ಣೂ ಹೋಯಿತು. ಅಷ್ಟು ಜನ ನೋಡುತ್ತಿದ್ದರೆ ಯಾರ ಕೈಯಾದರೂ ನಡುಗೀತು.

ಮಾವ ಪುಟ್ಟಿಯ ಕಡೆ ತಿರುಗಿದರು. “ಪುಟ್ಟಿ, ನೀನು ಮಡಚೋವಾಗ ಈ ಮಚ್ಚೆ ಇತ್ತಾ?”

ಇರಲಿಲ್ಲ. ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಂದೊಂದು ಬಟ್ಟೆಯನ್ನೂ ಹರಡಿ, ನೋಡಿ, ಆಮೇಲೆ ಮಡಚಿದ್ದಳು. ಇರಲಿಲ್ಲ ಅಂದಿದ್ದರೆ, ಮಚ್ಚೆ ತೊಟ್ಟಿಯಿಂದ ಬಂದದ್ದಲ್ಲ ಎಂದು ಅಲ್ಲೇ ತೀರ್ಮಾನವಾಗುತ್ತಿತ್ತು. ಆದರೆ ಇರಲಿಲ್ಲ ಅಂದರೆ ಯಜಮಾನತಿ ತನ್ನ ಮೇಲೆ ತಿರುಗಿ, ನೀನು ಸರಿಯಾಗಿ ನೋಡಿಲ್ಲ ಅಂದುಬಿಟ್ಟರೆ? ಮೊನ್ನೆ ಮೊನ್ನೆ ಹೊಗಳಿಸಿಕೊಂಡವಳು ಅವಳು. ಎಲ್ಲರೂ ತನ್ನ ಮುಖವನ್ನೇ ನೋಡುತ್ತಿದ್ದಾರೆ ಎನ್ನುವ ಸಂಕೋಚ ಬೇರೆ.

“ಟ್ಯೂಬ್‌ಲೈಟ್ ಬೆಳಕಲ್ಲಿ ಕಡುನೀಲಿ ಮೇಲೆ ಸರಿಯಾಗಿ ಕಾಣಲ್ಲ ಮಾವ” ಎಂದಳು.

ಮಾವ ಸರಿ ಎನ್ನುವಂತೆ ತಲೆಯಾಡಿಸಿದರು. ಯಜಮಾನತಿ ದನಿ ತಗ್ಗಿಸಿ, ಸ್ವಲ್ಪ ದಿನ ನೀವು ಸ್ಟೋರು ನೋಡಿಕೊಳ್ಳಿ, ತೊಟ್ಟಿಗೆ ಬೇರೆಯವರನ್ನು ಹಾಕೋಣ ಅಂದರು. ಮರ್ಯಾದೆಯಿಂದಲೇ ಅಂದರು. ಹೊಸಬರು ಬರುವವರೆಗೆ ನೀಲಿ ಹೊದಿಕೆಗಳ ಕೆಲಸ ನಿಂತಿತು. ಮೂವತ್ತೊಂದು ವರ್ಷ ತೊಟ್ಟಿಯ ಮುಂದೆ ನಿಂತವರು ಎರಡು ದಿನ ಸ್ಟೋರಿನ ಸ್ಟೂಲಿನ ಮೇಲೆ ಕೂತು ನೂಲಿನ ಉಂಡೆ ಎಣಿಸಿದರು. ಮೂರನೆಯ ದಿನ ಬರಲಿಲ್ಲ. ನಾಲ್ಕನೆಯ ದಿನವೂ ಬರಲಿಲ್ಲ. ಆಮೇಲೆ ಯಾರೂ ದಿನ ಎಣಿಸಲಿಲ್ಲ.

ಇದಾದ ವಾರಕ್ಕೆ ಪುಟ್ಟಿ ಡಾಕ್ಟರಮ್ಮನ ಬಳಿ ಹೋದಳು. ಅಷ್ಟರಲ್ಲಿ ಅವಳ ಗದ್ದ ಕೆಂಪಗೆ ಉರಿದು, ಚರ್ಮ ಸಿಪ್ಪೆ ಸಿಪ್ಪೆಯಾಗಿ ಏಳುತ್ತಿತ್ತು.

“ಎಷ್ಟು ಸಲ ಹಚ್ತಿದ್ದೀಯ?”

“ರಾತ್ರಿ… ಬೆಳಿಗ್ಗೆನೂ ಸ್ವಲ್ಪ.”

“ಸ್ವಲ್ಪ ಅಂದ್ರೆ?”

ಪುಟ್ಟಿ ತಲೆ ತಗ್ಗಿಸಿದಳು. ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. “ಜಾಸ್ತಿ ಹಚ್ಚಿದ್ರೆ ಬೇಗ ವಾಸಿಯಾಗಲ್ಲಮ್ಮ, ಉರಿ ಜಾಸ್ತಿಯಾಗುತ್ತೆ ಅಷ್ಟೆ. ಒಂದು ವಾರ ಪೂರ್ತಿ ನಿಲ್ಲಿಸು. ಚರ್ಮ ಶಾಂತವಾದ ಮೇಲೆ ಮತ್ತೆ ರಾತ್ರಿ ಒಂದೇ ಸಲ” ಎಂದು ಹೇಳುತ್ತಾ ಹೇಳುತ್ತಾ ಅವಳ ಕಂದು ಸ್ವೆಟರಿನ ಕತ್ತಿನ ಪಟ್ಟಿಯನ್ನು ಪೆನ್ನಿನ ತುದಿಯಿಂದ ಮುಟ್ಟಿದರು. ಅಲ್ಲಿ ತಿಳಿ ಕಿತ್ತಳೆ ಬಣ್ಣದ ಕಲೆಗಳಿದ್ದವು. ಸೋಪಿನ ಪುಡಿ ಕೆಟ್ಟದ್ದಿರಬೇಕು ಎಂದು ಪುಟ್ಟಿ ಅಂದುಕೊಂಡಿದ್ದಳು.

“ಇದು ಜೆಲ್ ಕೆಲಸ. ಅದರಲ್ಲಿರೋ ಎರಡನೇ ಔಷಧಿ ಬಣ್ಣ ತಿನ್ನುತ್ತೆ. ಹಚ್ಚಿದ ತಕ್ಷಣ ಕಾಣಲ್ಲ, ಒಂದೆರಡು ದಿನ ಬಿಟ್ಟು ಕಾಣುತ್ತೆ. ಅಂಗಡಿಯವರು ಹೇಳಲಿಲ್ವಾ?”

ಹೇಳಿದ್ದರು. ಅವಳ ಕೈ ತಾನಾಗಿ ಗದ್ದದ ಕಡೆ ಹೋಯಿತು. ಅಂಚಿನ ನಡುಭಾಗ. ಹತ್ತೊಂಬತ್ತು ಹೊದಿಕೆಗಳು. ಏನೋ ಒರೆಸಿದ್ದು ಎಂದಿದ್ದರು ಮಾವ. ಬರಿಗಣ್ಣಿನಿಂದ ನೋಡಿ, ಬೆರಳಿನಿಂದ ಸವರಿ, ಸರಿಯಾಗಿಯೇ ಹೇಳಿದ್ದರು.

ಹೊರಗೆ ಬಂದವಳು ನೇರ ಮಾವನ ಮನೆಗೆ ಹೋಗಬೇಕಿತ್ತು. ಬಸ್ಸು ಕೂಡ ಅದೇ ದಾರಿಯದು. ಅವರ ಮನೆಯ ನಿಲ್ದಾಣ ಬಂದಾಗ ಅವಳು ಏಳಲಿಲ್ಲ. ಮೊದಲು ಯಜಮಾನತಿಗೆ ಹೇಳಬೇಕು, ಆಮೇಲೆ ಮಾವನಿಗೆ, ಎಂದು ಯೋಚಿಸಿದಳು. ಯಜಮಾನತಿಗೆ ಹೇಳುವುದೆಂದರೆ ಕೆಲಸ ಹೋಗುತ್ತದೆ. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಅದಕ್ಕಿಂತ ಹೆಚ್ಚಾಗಿ, ಆ ಮೇಜಿನ ಸುತ್ತ ನಿಂತವರ ಮುಂದೆ ತನ್ನ ಗದ್ದ ತೋರಿಸಿ, ಇದಕ್ಕೆ ಹಚ್ಚಿಕೊಂಡದ್ದು ಬಟ್ಟೆಗೆ ಹತ್ತಿತು ಅನ್ನಬೇಕು. ಅದನ್ನು ನೆನೆದೇ ಅವಳ ಮುಖ ಬಿಸಿಯಾಯಿತು. ಇಂಥ ಕಾರಣಕ್ಕೆ ಒಬ್ಬ ಮನುಷ್ಯನ ಮರ್ಯಾದೆ ಹೋಗಲು ಬಿಡುವುದೇ ಎಂದು ನಾವು ಕೇಳಬಹುದು. ಇಪ್ಪತ್ತಮೂರರಲ್ಲಿ ಮುಖ ಅಂದರೆ ಸಣ್ಣ ಕಾರಣವಲ್ಲ. ಮುಂದಿನ ವಾರ ಹೇಳೋಣ ಅಂದುಕೊಂಡಳು.

ಮುಂದಿನ ವಾರ ಬಂತು, ಹೋಯಿತು. ಪುಟ್ಟಿ ಈಗ ಎಲ್ಲವನ್ನೂ ಸರಿಯಾಗಿ ಮಾಡುತ್ತಿದ್ದಳು. ಟ್ಯೂಬಿನ ಪೆಟ್ಟಿಗೆಯೊಳಗಿನ ಕಾಗದವನ್ನು ಬಿಡಿಸಿ ಅಕ್ಷರ ಅಕ್ಷರ ಓದಿದಳು. ರಾತ್ರಿ ಒಂದೇ ಸಲ, ಬಟಾಣಿಯಷ್ಟೇ, ತೆಳ್ಳಗೆ. ಕೈ ತೊಳೆಯುವುದು. ಬೆಳಿಗ್ಗೆ ಎದ್ದು ಮುಖ ತೊಳೆದೇ ಹೊರಡುವುದು. ಗದ್ದದ ಕೆಳಗೆ ಬಟ್ಟೆ ಹಿಡಿಯುವುದನ್ನೂ ಬಿಟ್ಟಳು. ಮೇಜಿನ ಅಂಚಿಗೆ ಎರಡು ದೊಡ್ಡ ಕ್ಲಿಪ್ಪು ಸಿಕ್ಕಿಸಿ, ಅದಕ್ಕೆ ಬಟ್ಟೆ ಕಚ್ಚಿಸಿ ಮಡಚಿದಳು. ಯಾಕೆ ಎಂದು ಕೇಳಿದವರಿಗೆ ಕತ್ತು ನೋವು ಅಂದಳು.

ಮಚ್ಚೆ ನಿಂತವು. ನಿಲ್ಲಲೇಬೇಕಲ್ಲ. ಆದರೆ ಅವು ನಿಂತದ್ದು ಮಾವ ಹೋದ ಮೇಲೆ. ಇದನ್ನು ಪುಟ್ಟಿ ಮೊದಲು ಯೋಚಿಸಿರಲಿಲ್ಲ. ಒಂದು ತಿಂಗಳು ಕಳೆದ ಮೇಲೆ ಯಜಮಾನತಿ ಹೊಸ ನೀಲಿ ಹೊದಿಕೆಯ ಕಟ್ಟನ್ನು ತಟ್ಟಿ ನೋಡಿ, ನಿಟ್ಟುಸಿರು ಬಿಟ್ಟು ಹೇಳಿದರು: “ಒಂದೂ ಇಲ್ಲ ನೋಡಿ. ನನಗೂ ಮನಸ್ಸಲ್ಲಿ ಒಂದು ಅಳುಕಿತ್ತು, ಅವರನ್ನ ಸುಮ್ಮನೆ ನೋಯಿಸಿದ್ನೋ ಏನೋ ಅಂತ. ಪಾಪ, ವಯಸ್ಸು. ಅವರಾದ್ರೂ ಏನ್ ಮಾಡ್ತಾರೆ.” ಎಲ್ಲರೂ ಹೌದೌದು ಅಂದರು. ಡಾಕ್ಟರು ಹೇಳಿದ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದರಿಂದಲೇ ಮಾವನ ತಪ್ಪು ಅಲ್ಲಿ ಗಟ್ಟಿಯಾಗುತ್ತಾ ಹೋಯಿತು. ಪುಟ್ಟಿ ಕ್ಲಿಪ್ಪು ಬಿಚ್ಚಿ, ಮಡಚಿ, ಮತ್ತೊಂದು ತೆಗೆದುಕೊಂಡಳು.

ಆ ಭಾನುವಾರ ಅಮ್ಮ ಅವಳನ್ನು ಕರೆದುಕೊಂಡು ಅಣ್ಣನ ಮನೆಗೆ ಹೋದಳು. ಮಾವ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಅವರ ಉಗುರುಗಳು ಬೆಳ್ಳಗಿದ್ದವು. ಪುಟ್ಟಿ ಅವನ್ನು ಬೆಳ್ಳಗೆ ನೋಡಿದ್ದು ಅದೇ ಮೊದಲು. ಅಮ್ಮ, ಅತ್ತೆ ಅಡುಗೆಮನೆಗೆ ಹೋದ ಮೇಲೆ ಮಾವ ಕೆಳದನಿಯಲ್ಲಿ ಕೇಳಿದರು.

“ಪುಟ್ಟಿ, ನಾನು ಬಿಟ್ಟ ಮೇಲೆ ಮಚ್ಚೆ ಬಿತ್ತಾ?”

ಅವರು ಏನು ಕೇಳುತ್ತಿದ್ದಾರೆ ಎಂದು ಅವಳಿಗೆ ತಿಳಿಯಿತು. ಒಂದಾದರೂ ಬಿದ್ದಿದೆ ಅಂದರೆ ಸಾಕಿತ್ತು ಅವರಿಗೆ. ಆ ಒಂದು ಮಾತಿಗಾಗಿ ಅವರು ಒಂದು ತಿಂಗಳು ಕಾದಿದ್ದರು. ಪುಟ್ಟಿಗೆ ಎಲ್ಲವನ್ನೂ ಹೇಳಿಬಿಡುವ ಮನಸ್ಸಾಯಿತು. ಅಡುಗೆಮನೆಯಲ್ಲಿ ಅಮ್ಮ ನಗುತ್ತಿದ್ದಳು.

“ಇಲ್ಲ ಮಾವ” ಎಂದಳು. ಸುಳ್ಳೇನೂ ಅಲ್ಲ. ಅದೇ ಅದರ ಕೆಟ್ಟತನ.

“ಹಾಗಾದ್ರೆ ನಂದೇ” ಎಂದರು ಮಾವ. ಬಲಗೈಯನ್ನು ಎಡಗೈಯಿಂದ ಮುಚ್ಚಿ ಮಡಿಲಲ್ಲಿ ಇಟ್ಟುಕೊಂಡರು.

ಹನ್ನೆರಡು ವಾರಕ್ಕೆ ಪುಟ್ಟಿಯ ಮುಖ ತಿಳಿಯಾಯಿತು. ಡಾಕ್ಟರಮ್ಮ ಸಂತೋಷಪಟ್ಟು, ಆಂಟಿಬಯೋಟಿಕ್ ಇರೋ ಜೆಲ್ ಸುಮ್ಮನೆ ಹಚ್ಚಿಕೊಳ್ಳುತ್ತಾ ಹೋಗಬಾರದು, ಇನ್ನು ಸಾಕು ಎಂದು ನಿಲ್ಲಿಸಿ, ಬೇರೊಂದು ಮುಲಾಮು ಬರೆದುಕೊಟ್ಟರು. ಕಾರ್ಖಾನೆಯಲ್ಲಿ ಎಲ್ಲರಿಗೂ ಅವಳ ಗದ್ದದ್ದೇ ಮಾತು. ಒಣಹಾಕುವವನ ಹೆಂಡತಿ ತನ್ನ ತಂಗಿಗೂ ಬೇಕು, ಉಳಿದ ಟ್ಯೂಬು ಕೊಡು ಎಂದು ಕೇಳಿದಳು. ಡಾಕ್ಟರ ಚೀಟಿ ಇಲ್ಲದೆ ಹಚ್ಚಬಾರದು, ಒಬ್ಬರದು ಇನ್ನೊಬ್ಬರಿಗೆ ಆಗಲ್ಲ ಎಂದು ಪುಟ್ಟಿ ಎಷ್ಟು ಗಡುಸಾಗಿ ಹೇಳಿದಳೆಂದರೆ ಆಕೆ ಮುಖ ಊದಿಸಿಕೊಂಡು ಹೋದಳು. “ಚೆನ್ನಾಗಿ ಕಾಣ್ತಿದ್ದೀಯ ಪುಟ್ಟಿ” ಎಂದು ಯಾರಾದರೂ ಅಂದರೆ ಅವಳಿಗೆ ಅಳು ಬರುವಂತಾಗುತ್ತಿತ್ತು. ಎಷ್ಟು ದಿನ ಆ ಮಾತಿಗಾಗಿ ಕಿವಿ ತೆರೆದು ಕೂತಿದ್ದಳೋ, ಈಗ ಅದೇ ಬೇಡವಾಯಿತು. ಕನ್ನಡಿಯಲ್ಲಿ ಗದ್ದ ನೋಡಿದರೆ ಮಾವ ನೆನಪಾಗುತ್ತಿದ್ದರು.

ಹೀಗೆ ಐದು ತಿಂಗಳು. ಹೇಳದೇ ಉಳಿದ ಮಾತಿಗೆ ಒಂದು ಗುಣವಿದೆ, ತಡವಾದಷ್ಟೂ ಹೇಳುವುದು ಕಷ್ಟ. ಮೊದಲ ವಾರವಾಗಿದ್ದರೆ ‘ನನ್ನಿಂದ ಹೀಗಾಯಿತು’ ಅಂದರೆ ಸಾಕಿತ್ತು. ಎರಡನೆಯ ತಿಂಗಳಿಗೆ ‘ಗೊತ್ತಿದ್ದೂ ಸುಮ್ಮನಿದ್ದೆ’ ಅನ್ನಬೇಕಾಯಿತು. ಐದನೆಯ ತಿಂಗಳಿಗೆ ಅದಕ್ಕೆ ಏನು ಅನ್ನಬೇಕೆಂದೇ ಅವಳಿಗೆ ತಿಳಿಯದಾಯಿತು.

ಒಂದು ಮಧ್ಯಾಹ್ನ ಅತ್ತೆ ಕಾರ್ಖಾನೆಯ ಬಾಗಿಲಿಗೆ ಬಂದರು. ಕೈಯಲ್ಲಿ ದಪ್ಪನೆಯ ಹಳೇ ಪುಸ್ತಕ. ಪುಟ ಪುಟಕ್ಕೂ ಬಣ್ಣದ ಬಟ್ಟೆಯ ಚೂರು ಅಂಟಿಸಿ, ಅದರ ಪಕ್ಕದಲ್ಲಿ ಯಾವುದಕ್ಕೆ ಯಾವುದು ಎಷ್ಟು, ನೀರು ಎಷ್ಟು ಬಿಸಿ ಎಂದು ಮಾವ ಬರೆದಿಟ್ಟದ್ದು. ಅದನ್ನು ಅವರು ಯಾರ ಕೈಗೂ ಕೊಟ್ಟವರಲ್ಲ.

“ಯಜಮಾನತಿಗೆ ಕೊಡು ಅಂದ್ರು” ಎಂದರು ಅತ್ತೆ. “ಹೊಸಬರಿಗೆ ಉಪಯೋಗ ಆಗುತ್ತಂತೆ. ಇನ್ನು ನನಗ್ಯಾಕೆ ಅಂತಾರೆ.”

“ಮಾವ ಹೇಗಿದ್ದಾರೆ ಅತ್ತೆ?”

ಅತ್ತೆ ಸುತ್ತ ನೋಡಿ ದನಿ ತಗ್ಗಿಸಿದರು. “ಏನು ಹೇಳ್ಲಿ. ಕ್ಷೌರ ತಾವೇ ಮಾಡ್ಕೊಳ್ತಿದ್ರು, ಈಗ ಬ್ಲೇಡು ಮುಟ್ಟಲ್ಲ. ಲೋಟದಲ್ಲಿ ಚಹಾ ಅರ್ಧಾನೇ ಹಾಕು ಅಂತಾರೆ, ಚೆಲ್ಲುತ್ತಂತೆ. ಚೆಲ್ಲಲ್ಲ, ನಾನು ನೋಡ್ತೀನಲ್ಲ. ಈ ಕೈ ನಂಬೋ ಹಾಗಿಲ್ಲ ಅಂತಾರೆ. ಮೊದಲು ನಡುಗ್ತಿದ್ದಿದ್ದು ಬೆಳಿಗ್ಗೆ ಮಾತ್ರ, ಈಗ ನೋಡಿದಾಗಲೆಲ್ಲ ನಡುಗುತ್ತೆ. ಡಾಕ್ಟರು ಏನೂ ಇಲ್ಲ ಅಂದ್ರು.”

ಪುಟ್ಟಿ ಪುಸ್ತಕ ತೆಗೆದುಕೊಂಡಳು. ಅತ್ತೆಯ ಬೆನ್ನು ಮರೆಯಾಗುವವರೆಗೂ ಬಾಗಿಲಲ್ಲೇ ನಿಂತಿದ್ದಳು. ಆಮೇಲೆ ಯಜಮಾನತಿಯ ಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿ, ಕೂರದೆ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಜೆಲ್ಲು, ಬೆಳಗಿನ ಹೊತ್ತು ಮೆತ್ತಿಕೊಂಡದ್ದು, ಗದ್ದದ ಕೆಳಗೆ ಬಟ್ಟೆ ಹಿಡಿದದ್ದು, ಸ್ವೆಟರಿನ ಕಲೆ, ಎಲ್ಲ. ಹೇಳಿ ಮುಗಿಯಲು ಐದು ನಿಮಿಷವೂ ಬೇಕಾಗಲಿಲ್ಲ.

ಯಜಮಾನತಿ ಕನ್ನಡಕ ಇಳಿಸಿಕೊಂಡು ಅವಳ ಗದ್ದವನ್ನೇ ನೋಡಿದರು. ಪುಟ್ಟಿ ಇಷ್ಟು ದಿನ ಹೆದರಿದ್ದು ಈ ನೋಟಕ್ಕೆ. ಬಂದ ಮೇಲೆ ಅದು ಅಂಥ ದೊಡ್ಡದೇನೂ ಅನ್ನಿಸಲಿಲ್ಲ.

“ಒರೆಸಿದ್ದು ಅಂತ ಅವರು ಅವತ್ತೇ ಅಂದ್ರು” ಎಂದರು ಯಜಮಾನತಿ. “ಮೂವತ್ತೊಂದು ವರ್ಷ ಅವರ ಮಾತು ಕೇಳಿದವಳು ನಾನು, ಅವತ್ತೊಂದು ದಿನ ಕೇಳಲಿಲ್ಲ.” ಕನ್ನಡಕವನ್ನು ಮತ್ತೆ ತಲೆಗೆ ಏರಿಸಿಕೊಂಡರು. “ನಿನ್ನ ವಿಚಾರ ಆಮೇಲೆ ಮಾತಾಡೋಣ. ಕೆಲಸದಿಂದ ತೆಗೆಯಲ್ಲ, ಹೆದರಬೇಡ. ಆ ಪುಸ್ತಕ ನನಗೆ ಬೇಡ. ತಗೊಂಡು ಹೋಗು, ನಾಳೆಯಿಂದಲೇ ಬರಬೇಕಂತೆ ಅಂತ ಹೇಳು. ನಾನೇ ಬಂದು ಕರೀಬೇಕು ಅಂದ್ರೆ ಬರ್ತೀನಿ.”

ಇಷ್ಟೇ ಆಗಿತ್ತೇ? ಕೆಲಸ ಹೋಗಲಿಲ್ಲ, ಯಾರೂ ನಗಲಿಲ್ಲ. ಐದು ತಿಂಗಳು ಅವಳು ಕಟ್ಟಿಕೊಂಡ ಭಯಕ್ಕೆ ಒಳಗೆ ಏನೂ ಇರಲಿಲ್ಲ. ಬಸ್ಸಿನಲ್ಲಿ ಪುಟ್ಟಿಗೆ ಹಗುರವೆನಿಸಿತು, ತುಸು ಉತ್ಸಾಹವೂ ಬಂತು. ಮಾವನ ನಿಲ್ದಾಣದಲ್ಲಿ ಇಳಿದವಳು ಬಿರಬಿರನೆ ನಡೆದಳು. ಕೈ ಸರಿಯಿದೆ ಎಂದು ತಿಳಿದರೆ ಮಾವ ಎದ್ದು ನಿಲ್ಲುತ್ತಾರೆ, ಒಂದೆರಡು ಬೈಯುತ್ತಾರೆ, ನಾಳೆ ಬೆಳಿಗ್ಗೆ ತೊಟ್ಟಿಯ ಮುಂದೆ ಇರುತ್ತಾರೆ ಎಂದುಕೊಂಡಳು.

ಮಾವ ಅದೇ ಕಿಟಕಿಯ ಪಕ್ಕ ಕೂತಿದ್ದರು. ಅವಳು ನೆಲದ ಮೇಲೆ ಕೂತು, ಪುಸ್ತಕವನ್ನು ಅವರ ಕಾಲ ಬಳಿ ಇಟ್ಟು, ಎರಡನೆಯ ಸಲ ಎಲ್ಲವನ್ನೂ ಹೇಳಿದಳು. ಅವರು ನಡುವೆ ಒಂದೇ ಒಂದು ಸಲ ಮಾತಾಡಿದರು. “ಗದ್ದದ ಕೆಳಗಾ” ಎಂದು ಕೇಳಿ, ತಮ್ಮ ಗದ್ದವನ್ನು ಎದೆಗೆ ಒತ್ತಿ ನೋಡಿ, ಕಣ್ಣಲ್ಲೇ ಅಳತೆ ಹಾಕಿ, “ಹೌದು, ಅಲ್ಲಿಗೇ ಬರುತ್ತೆ” ಎಂದರು. ಕೆಲಸಗಾರನ ಕುತೂಹಲ ಒಂದು ಕ್ಷಣ ಅವರ ಮುಖದಲ್ಲಿ ಮೂಡಿ ಹೋಯಿತು.

“ಯಜಮಾನತಿ ನಾಳೆಯಿಂದಲೇ ಬನ್ನಿ ಅಂದಿದ್ದಾರೆ ಮಾವ. ನಿಮ್ಮ ಕೈಯಿಂದ ಏನೂ ತಪ್ಪಾಗಿರಲಿಲ್ಲ. ನಿಮ್ಮ ಕೈ ಸರಿಯಾಗೇ ಇತ್ತು.”

“ಇತ್ತು” ಎಂದರು ಮಾವ. ಬಲಗೈಯನ್ನು ಅವಳ ಮುಂದೆ ಚಾಚಿದರು. ಅದು ನಡುಗುತ್ತಿತ್ತು. ಅವರು ಅದನ್ನು ನಿಲ್ಲಿಸಲು ನೋಡಿದಷ್ಟೂ ಹೆಚ್ಚಾಯಿತು. “ಇದನ್ನ ದಿನಾ ನೋಡ್ತಾ ಕೂತೆ. ಇದೇ ಮಾಡಿದ್ದು, ಇದೇ ಮಾಡಿದ್ದು ಅಂತ. ಈಗ ಅದು ನಾನು ಅಂದಿದ್ದನ್ನೇ ಕೇಳ್ತಿದೆ. ಬಿಸಿ ಬಣ್ಣದ ತೊಟ್ಟಿ ಮುಂದೆ ಈ ಕೈ ಇಟ್ಕೊಂಡು ನಿಲ್ಲೋಕಾಗಲ್ಲ ಪುಟ್ಟಿ. ಯಜಮಾನತಿಗೆ ಹೇಳು, ಬೇಜಾರಿಲ್ಲ ಅಂತ.”

ಅತ್ತೆ ಬಾಗಿಲಲ್ಲಿ ಬಂದು ನಿಂತಿದ್ದರು. ಆಮೇಲೆ ಮಾವ ಕೇಳಿದರು.

“ಆ ಭಾನುವಾರ, ಮಚ್ಚೆ ಬಿತ್ತಾ ಅಂತ ನಾನು ಕೇಳಿದ್ನಲ್ಲ. ಆಗ ನಿನಗೆ ಗೊತ್ತಿತ್ತಾ?”

ಇಲ್ಲ, ಮೊನ್ನೆ ಮೊನ್ನೆ ಗೊತ್ತಾಯಿತು ಅನ್ನಬಹುದಿತ್ತು. ಡಾಕ್ಟರಮ್ಮನ ಬಳಿ ಹೋದ ದಿನ ಯಾವುದೆಂದು ಅವಳನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಮಾವ ನಂಬುತ್ತಿದ್ದರು. ನಂಬಬೇಕೆಂದು ಅವರು ಆಸೆಪಡುತ್ತಿದ್ದುದು ಅವರ ಮುಖದಲ್ಲೇ ಕಾಣುತ್ತಿತ್ತು.

“ಗೊತ್ತಿತ್ತು ಮಾವ.”

ಮಾವ ಕೈಯನ್ನು ಮಡಿಲಿಗೆ ಎಳೆದುಕೊಂಡರು. ಕೋಪ ಬರಲಿ ಎಂದು ಪುಟ್ಟಿ ಕಾದಳು. ಕೋಪ ಬರಲಿಲ್ಲ.

“ಅವತ್ತು ಹೇಳಿದ್ದಿದ್ರೆ ನಾನು ನಿನ್ನ ಹೆಸರು ಎತ್ತುತ್ತಿರ್ಲಿಲ್ಲ” ಎಂದರು. “ಅವರೆಲ್ಲ ನನ್ನದೇ ತಪ್ಪು ಅಂದ್ಕೊಂಡಿದ್ರೂ ಸುಮ್ಮನಿರ್ತಿದ್ದೆ. ನನ್ನ ಕೈ ಸರಿ ಇದೆ ಅಂತ ನನಗೊಬ್ಬನಿಗೆ ಗೊತ್ತಿದ್ದಿದ್ರೆ ಸಾಕಿತ್ತು ಪುಟ್ಟಿ.”

ಕೆಲಸ, ಮುಖ, ನಗುವ ಜನ, ಐದು ತಿಂಗಳಲ್ಲಿ ಪುಟ್ಟಿ ಎಲ್ಲವನ್ನೂ ಲೆಕ್ಕ ಹಾಕಿದ್ದಳು. ಮಾವನೊಬ್ಬರಿಗೆ ಹೇಳಿದರೆ ಸಾಕು ಎಂಬುದು ಅವಳಿಗೆ ಒಂದು ಸಲವೂ ಹೊಳೆದಿರಲಿಲ್ಲ.